ಮೊಬಿಲಿಟಿ (ಹಲ್ಲು ಎಷ್ಟು ಅಲ್ಲಾಡುತ್ತೆ ಅನ್ನೋದು), ಫರ್ಕೇಶನ್ (ಹಲ್ಲಿನ ಬೇರುಗಳು ಕವಲೊಡೆಯೋ ಸಂದಿ ತೆರೆದುಕೊಂಡಿರೋದು) ನೋಡೋಕೆ ಕೈ ಕುದುರ್ತಿಲ್ಲ, ನೀವೆಲ್ಲ ಹೇಗೆ ಕಲಿತ್ರಿ?

ಡೆಂಟಲ್ ಕಾಲೇಜಲ್ಲಿ ಪೆರಿಯೋ (ಒಸಡಿನ ವಿಭಾಗ) ಪೋಸ್ಟಿಂಗ್‌ನಲ್ಲಿದೀನಿ. ಮೊಬಿಲಿಟಿ ಗ್ರೇಡ್ 1 ಅಂತ ನಾನು ಬರೆದ್ರೆ ಮೇಡಂ ಬಂದು 2 ಅಂತಾರೆ, ಮೇಲಿನ ದವಡೆ ಹಲ್ಲಲ್ಲಿ ಫರ್ಕೇಶನ್ ಇಲ್ಲ ಅಂತ ಬರೆದಿರ್ತೀನಿ, ಅವರು ಪ್ರೋಬ್ (ಒಸಡಿನೊಳಗೆ ಇಳಿಸಿ ನೋಡೋ ಸಪೂರ ಕಡ್ಡಿ) ಹಾಕಿದ ತಕ್ಷಣ ಸಿಗುತ್ತೆ. ನಿಮ್ಮ ಅನುಭವ ಹೇಳಿ ಪ್ಲೀಸ್.

ಉತ್ತರ 1

ನಾನು ಈಗ ಇಂಟರ್ನ್. ಮೊದಮೊದಲು ನಾನೂ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸ್ತಿದ್ದೆ, ಬೆರಳ ತುದಿ ಮೆತ್ತಗಿರುತ್ತಲ್ಲ, ಅಲ್ಲಾಡಿದ್ದು ಹಲ್ಲೋ ನಮ್ಮ ಬೆರಳೋ ಗೊತ್ತೇ ಆಗಲ್ಲ. ಮೌತ್ ಮಿರರ್ ಹಿಡಿಕೆ ಒಂದು ಕಡೆ, ಪ್ರೋಬ್ ಹಿಡಿಕೆ ಇನ್ನೊಂದು ಕಡೆ ಇಟ್ಟು ಮೆಲ್ಲಗೆ ಕೆನ್ನೆ ಕಡೆಗೆ, ನಾಲಿಗೆ ಕಡೆಗೆ ತಳ್ಳಿ, ಕಣ್ಣು ಮಾತ್ರ ಪಕ್ಕದ ಹಲ್ಲಿನ ಅಂಚಿನ ಮೇಲಿರ್ಲಿ. ಮೊಬಿಲಿಟಿ ಗ್ರೇಡ್ ಪದ್ಧತಿಯಲ್ಲಿ ಮಿಲ್ಲರ್ ಹೇಳಿದ 1 ಮಿಮೀ ಅಲ್ಲಾಟ ಕಣ್ಣಿಗೆ ಸಿಗೋದು ಆ ಅಂಚಿಗೆ ಹೋಲಿಸಿದಾಗ್ಲೇ. ಪಕ್ಕದ್ದೂ ಅಲ್ಲಾಡ್ತಿದ್ರೆ ಅದರಾಚೆ ಗಟ್ಟಿಯಾಗಿರೋ ಹಲ್ಲನ್ನ ಗುರುತಿಟ್ಕೊಳ್ಳಿ. ಕೊನೇಲಿ ಹಿಡಿಕೆಯಿಂದ ಮೇಲಿಂದ ಕೆಳಕ್ಕೆ ಒತ್ತಿ ನೋಡಿ, ಸಾಕೆಟ್ ಒಳಗೆ ಕುಸಿದ್ರೆ ಅದು ಗ್ರೇಡ್ 3, ಇದನ್ನ ನಮ್ಮ ಬ್ಯಾಚಲ್ಲಿ ಸುಮಾರು ಜನ ಬಿಟ್ಟೇಬಿಡ್ತಿದ್ರು.

ಉತ್ತರ 2

ಹದಿನಾಲ್ಕು ವರ್ಷದಿಂದ ಕ್ಲಿನಿಕ್ ನಡೆಸ್ತಿದೀನಿ, ಫರ್ಕೇಶನ್ ಬಗ್ಗೆ ಹೇಳ್ತೀನಿ ಕೇಳಮ್ಮ. ನೇರ ಪ್ರೋಬ್‌ನಲ್ಲಿ ಅದನ್ನ ಹುಡುಕೋಕೆ ಹೋಗ್ಬೇಡ, ಬೇರುಗಳ ಸಂದಿಗೆ ತಿರುಗೋದು ಬಾಗಿರೋ ನೇಬರ್ಸ್ ಪ್ರೋಬ್ ಮಾತ್ರ. ತುದಿನ ಹಲ್ಲಿಗೆ ಅಂಟಿಸ್ಕೊಂಡೇ ಒಸಡಿನೊಳಗೆ ಇಳಿಸು, ಒಂದು ಕಡೆ ಹಲ್ಲಿನ ಮೈ ಒಳಕ್ಕೆ ತಗ್ಗಾಗುತ್ತೆ, ಅಲ್ಲಿ ಕೈ ತಿರುಗಿಸು. ಆ ಸಂದಿಗೆ ಹೋಗೋ ಬಾಗಿಲು ಕೆಳಗಿನ ದವಡೆ ಹಲ್ಲಿಗೆ ಕೆನ್ನೆ ಕಡೆ ಒಂದು, ನಾಲಿಗೆ ಕಡೆ ಒಂದು, ಅಷ್ಟೇ. ಮೇಲಿನದಕ್ಕೆ ಮೂರು ಬಾಗಿಲು, ನೀನು ತಪ್ಪಿಸ್ಕೊಳ್ತಿರೋದು ಬಹುಶಃ ಮೀಸಿಯಲ್ (ಮುಂದಿನ ಹಲ್ಲಿನ ಕಡೆಯ) ಬಾಗಿಲು. ಮುಂದಿನ ಕೆನ್ನೆ ಬೇರು ಅಗಲವಾಗಿರುತ್ತೆ, ಹಾಗಾಗಿ ಆ ಬಾಗಿಲು ಅಂಗುಳದ ಕಡೆಗೆ ಸರಿದಿರುತ್ತೆ, ಕೆನ್ನೆ ಕಡೆಯಿಂದ ಎಷ್ಟು ತಡಕಾಡಿದ್ರೂ ಸಿಗಲ್ಲ, ಅಂಗುಳದ ಕಡೆಯಿಂದ ಹೋಗು. ಡಿಸ್ಟಲ್ (ಹಿಂದಿನ ಹಲ್ಲಿನ ಕಡೆಯ) ಬಾಗಿಲು ಹೆಚ್ಚುಕಡಿಮೆ ನಡುವೆ, ಎರಡೂ ಕಡೆಯಿಂದ ಪ್ರಯತ್ನಿಸು. ಎಕ್ಸ್‌ರೇ ನೋಡಿ ಇಲ್ಲ ಅನ್ಬೇಡ, ಮೇಲಿನ ಹಲ್ಲಲ್ಲಿ ಅಂಗುಳದ ಬೇರಿನ ನೆರಳು ಆ ಸಂದಿ ಮೇಲೇ ಬಿದ್ದು ಮುಚ್ಚಿಬಿಡುತ್ತೆ.

ಇನ್ನೊಂದು, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಫರ್ಕೇಶನ್‌ಗೆ ನಂಬರ್ ಕೊಡೋದು ಗ್ಲಿಕ್‌ಮನ್ ಗ್ರೇಡಾ, ಹ್ಯಾಂಪ್ ಡಿಗ್ರಿನಾ ಕೇಳ್ಕೊ. ಹ್ಯಾಂಪ್ 1975ರದ್ದು, ಪ್ರೋಬ್ ಅಡ್ಡಕ್ಕೆ ಹೋಗೋದು 3 ಮಿಮೀಗಿಂತ ಕಡಿಮೆ ಇದ್ರೆ 1, ದಾಟಿಯೂ ಆರಪಾರ ಹೋಗದಿದ್ರೆ 2, ಆರಪಾರ ಆದ್ರೆ 3. ಗ್ಲಿಕ್‌ಮನ್‌ನಲ್ಲಿ ಆರಪಾರ ಹೋಗಿಯೂ ಒಸಡು ಮುಚ್ಚಿದ್ರೆ 3, ಕಣ್ಣಿಗೆ ಕಂಡ್ರೆ 4. ಒಂದೇ ಹಲ್ಲಿಗೆ ಎರಡು ನಂಬರ್ ಬರುತ್ತೆ, ಇದ್ರಲ್ಲೇ ವೈವಾದಲ್ಲಿ ಎಷ್ಟು ಜನ ಕಣ್ಣೀರು ಹಾಕಿದ್ದು ನೋಡಿದೀನಿ, ಯಾವ ಪದ್ಧತಿ ಅಂತ ಕೇಸ್ ಶೀಟಲ್ಲಿ ಪಕ್ಕದಲ್ಲೇ ಬರಿ.

ಮೊಬಿಲಿಟಿ ಗ್ರೇಡ್ ನೋಡಿದ ಕೂಡ್ಲೇ ಹಲ್ಲು ಕೀಳೋ ತೀರ್ಮಾನ ಮಾತ್ರ ಮಾಡ್ಬೇಡಮ್ಮ. ನಾನು ಹೊಸದ್ರಲ್ಲಿ ಒಬ್ಬ ಅಮ್ಮನ ಕೆಳ ದವಡೆ ಹಲ್ಲಿಗೆ ಗ್ರೇಡ್ 2, ತೆಗೀಬೇಕು ಅಂತ ಬರೆದೇಬಿಟ್ಟಿದ್ದೆ. ಸೀನಿಯರ್ ಬಂದು ಹಲ್ಲಿನ ಪಕ್ಕ ಬೆರಳಿಟ್ಟು ಕಚ್ಚಿಸಿದ್ರು, ಪ್ರತಿ ಸಲ ಕಚ್ಚಿದಾಗಲೂ ಹಲ್ಲು ಬೆರಳಿಗೆ ಒದೀತಿತ್ತು, ಮೇಲಿನ ಹಲ್ಲಿನ ಎತ್ತರದ ಫಿಲ್ಲಿಂಗ್ ಅಲ್ಲೇ ಬಡೀತಿತ್ತು. ಅದನ್ನ ಸರಿಮಾಡಿ, ಸ್ಕೇಲಿಂಗ್ (ಗಟ್ಟಿ ಪಾಚಿ ತೆಗೆಯೋದು), ರೂಟ್ ಪ್ಲೇನಿಂಗ್ (ಬೇರಿನ ಮೈ ನಯ ಮಾಡೋದು) ಮಾಡಿ, ಎರಡು ತಿಂಗಳಾದ್ಮೇಲೆ ನೋಡಿದ್ರೆ ಗ್ರೇಡ್ 1ಕ್ಕೆ ಇಳಿದಿತ್ತು. ಆ ಹಲ್ಲಲ್ಲೇ ಆಯಮ್ಮ ಈಗಲೂ ರೊಟ್ಟಿ ತಿಂತಾರೆ.

ಉತ್ತರ 3

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಮ್ಮ ಕಡೆ ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ಜನ ನಂಬಿದಾರೆ, ಗಟ್ಟಿ ಪಾಚಿ ಹೋದಾಗ ಮೊದಲೇ ಸಡಿಲ ಇದ್ದ ಹಲ್ಲು ಅಲ್ಲಾಡೋದು ಗೊತ್ತಾಗುತ್ತೆ ಅಷ್ಟೇ, ಆದ್ರೆ ಆಮೇಲೆ ಹೇಳಿದ್ರೆ ಯಾರೂ ನಂಬಲ್ಲ. ಅದಕ್ಕೆ ಸ್ಕೇಲರ್ ಕೈಗೆ ತಗೊಳ್ಳೋ ಮುಂಚೇನೇ ಪೇಷೆಂಟ್ ಕೈಗೆ ಕನ್ನಡಿ ಕೊಟ್ಟು ಅವರ ಕಣ್ಣೆದುರೇ ಅಲ್ಲಾಡಿಸಿ ತೋರಿಸಿ, ತಾರೀಕು ಹಾಕಿ ಗ್ರೇಡ್ ಬರ್ಕೊಳ್ಳಿ.