ಕಾವೇರಿದ ಕಬ್ಬಿನ ಸಿಪ್ಪೆ ರಾಶಿಯಲ್ಲಿ ಬೂಷ್ಟು ಬದುಕಿರುತ್ತಾ?

ಹೊಲದಮನೆ: ಸಕ್ಕರೆ ಕಾರ್ಖಾನೆಯಿಂದ ಸಿಪ್ಪೆ ತಂದು ಗೊಬ್ಬರಕ್ಕೆ ರಾಶಿ ಹಾಕಿದ್ದೀವಿ. ಒಳಗೆ ಕೈ ಇಡಕ್ಕಾಗಲ್ಲ, ಅಷ್ಟು ಕಾವು. ಬೂಷ್ಟೆಲ್ಲ ಬೆಂದು ಸತ್ತಿರುತ್ತೆ, ರಾಶಿ ತಿರುವಿ ಹಾಕೋಕೆ ಮಾಸ್ಕ್ ಬೇಡ ಅಂತಾರೆ ನಮ್ಮಣ್ಣ. ನಿಜವಾ?

ಲ್ಯಾಬ್‌ಕೋಟು: ಇಲ್ಲ ಸರ್. ಹಸಿ ಸಿಪ್ಪೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ, ಹಿಂಡಿದ ಮೇಲೂ ಒಂದಷ್ಟು ಸಕ್ಕರೆ ಉಳಿದಿರುತ್ತೆ. ಯೀಸ್ಟು, ಬ್ಯಾಕ್ಟೀರಿಯಾ ಅದನ್ನು ತಿಂದು ಉಸಿರಾಡುವಾಗಲೇ ಕಾವು ಹುಟ್ಟೋದು. ಕಾವು ಏರಿದಾಗ ಅದನ್ನೇ ಬಯಸುವ ಶಿಲೀಂಧ್ರಗಳು ಬರುತ್ತವೆ: ಥರ್ಮೋಮೈಸಿಸ್ ಲ್ಯಾನುಗಿನೋಸಸ್, ರೈಜೋಮ್ಯೂಕರ್ ಪುಸಿಲಸ್. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅಂತೂ 50 ಡಿಗ್ರಿಯಲ್ಲೂ ಬೆಳೆಯುತ್ತೆ, ನಮ್ಮ ಮೈಯ 37ರಲ್ಲೂ ಬೆಳೆಯುತ್ತೆ. ಭಯ ಅದರದ್ದೇ.

ಬಾಯ್ಲರ್ ಬಸಣ್ಣ: ಯಾರ್ಡಿನ ರಾಶಿ ಒಳಗೆ 70 ದಾಟಿದ್ದು ನಾನೇ ನೋಡೀನ್ರಿ. ಅಲ್ಲಿ ಯಾವ ಬೂಷ್ಟು ಉಳಿತೈತಿ?

ಲ್ಯಾಬ್‌ಕೋಟು: ಅಲ್ಲಿ ಇಲ್ಲ, ಒಪ್ಪಿದೆ. 60–62 ಮೀರಿದರೆ ಯಾವ ಶಿಲೀಂಧ್ರವೂ ಬೆಳೆಯಲ್ಲ, ಬ್ಯಾಕ್ಟೀರಿಯಾ ಮಾತ್ರ. ಆದರೆ ಹೊರಮೈಗೂ ನಡುವಿಗೂ ಮಧ್ಯೆ 40–55 ಡಿಗ್ರಿಯ ಪದರ ಇದ್ದೇ ಇರುತ್ತಲ್ಲ ಬಸಣ್ಣ, ವೈವಿಧ್ಯ ಇರೋದೇ ಅಲ್ಲಿ. ತಿರುವಿ ಹಾಕುವಾಗ ಮೊದಲು ಎದ್ದು ಬರೋದೂ ಅದೇ.

ಕಣಜ: ಆ ಹೆಸರಿನ ಪಟ್ಟಿಗಳ ಬಗ್ಗೆ ನನ್ನ ತಕರಾರಿದೆ. ಸಿಪ್ಪೆಯ ಚೂರನ್ನು ಲ್ಯಾಬಿನಲ್ಲಿ ಬೂಷ್ಟು ಬೆಳೆಸುವ ತಟ್ಟೆಯಲ್ಲಿ 25 ಡಿಗ್ರಿಯಲ್ಲಿಟ್ಟರೆ ಗಾಳಿಯಿಂದ ಬಂದು ಸುಮ್ಮನೆ ಕೂತ ಬೀಜಕಣವೂ ಮೊಳೆಯುತ್ತದೆ. ಅದು ರಾಶಿಯಲ್ಲಿ ಬದುಕಿತ್ತು ಅನ್ನೋಕೆ ಏನು ಆಧಾರ? 50 ಡಿಗ್ರಿಯಲ್ಲೂ ಬೆಳೆಸಿ ನೋಡದೆ ಪ್ರಭೇದ ಎಣಿಸಿ ಪ್ರಯೋಜನವಿಲ್ಲ.

ಲ್ಯಾಬ್‌ಕೋಟು: ತುಂಬ ಸರಿಯಾದ ಮಾತು. ಕಾವು ಬಯಸುವ ಶಿಲೀಂಧ್ರ ಅಂದರೆ ಯಾವುದು ಅಂತ 1964ರಲ್ಲಿ ಕೂನಿ ಮತ್ತು ಎಮರ್ಸನ್ ಎಂಬ ವಿಜ್ಞಾನಿಗಳು ಹಾಕಿದ ಗೆರೆಯೂ ಇಂಥದ್ದೇ: 50 ಅಥವಾ ಅದಕ್ಕೂ ಮೇಲೆ ಬೆಳೆಯಬೇಕು, 20ಕ್ಕಿಂತ ಕೆಳಗೆ ಬೆಳೆಯಬಾರದು. ಆದರೂ ಎಣಿಕೆ ವ್ಯರ್ಥ ಅನ್ನಬೇಡಿ. ಥರ್ಮೋಮೈಸಿಸ್‌ಗೆ ಸಿಪ್ಪೆಯ ನಾರಿನಲ್ಲಿರೋ ಸೆಲ್ಯುಲೋಸ್ ಒಡೆಯೋಕೆ ಬರಲ್ಲ. ಕೀಟೋಮಿಯಂ ಥರದ ಬೇರೆ ಶಿಲೀಂಧ್ರಗಳು ನಾರು ಒಡೆದು ಬಿಟ್ಟ ಸಕ್ಕರೆಯಲ್ಲಿ ಅದು ಬದುಕುತ್ತೆ. ಯಾರ ಜೊತೆ ಯಾರಿದ್ದಾರೆ ಅನ್ನೋದು ಗೊತ್ತಾಗದೆ ಸಿಪ್ಪೆ ಹೇಗೆ ಕೊಳೆಯುತ್ತೆ ಅಂತ ಹೇಳೋಕಾಗಲ್ಲ.

ಕಣಜ: ಜೊತೆಗಿದ್ದದ್ದೆಲ್ಲ ಜೊತೆಗೆ ದುಡಿಯುತ್ತದೆ ಅಂತಲ್ಲ. ಅದಕ್ಕೆ ಬೇರೆಯೇ ಪ್ರಯೋಗ ಬೇಕು. ಇರಲಿ, ಮಾಸ್ಕ್ ವಿಷಯದಲ್ಲಿ ನಾನೂ ನಿಮ್ಮ ಕಡೆಯೇ. ಹಳೆಯ ಒಣಸಿಪ್ಪೆಯ ದೂಳಿನಿಂದ ಬರುವ ಬಗಾಸೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆಗೆ ಮುಖ್ಯ ಕಾರಣ ಥರ್ಮೋಆಕ್ಟಿನೋಮೈಸಿಸ್ ಸ್ಯಾಕರಿ. ನೋಡೋಕೆ ಬೂಷ್ಟಿನಂತಿದ್ದರೂ ಅದು ಬ್ಯಾಕ್ಟೀರಿಯಾ, ಅದರ ಬೀಜಕಣ ಕಾವಿಗೆ ಜಗ್ಗಲ್ಲ.

ಬಾಯ್ಲರ್ ಬಸಣ್ಣ: ಹಂಗಾದ್ರ ಒಣಾ ಇದ್ದಾಗ ಕೆದಕಬ್ಯಾಡ್ರಿ. ನೀರು ಚಿಮಕಿಸಿ, ಗಾಳಿಗೆ ಬೆನ್ನು ಕೊಟ್ಟು ನಿಂತು ತಿರುವ್ರಿ.

ಹೊಲದಮನೆ: ಅಣ್ಣಂಗೆ ಇದನ್ನೆಲ್ಲ ಓದಿ ಹೇಳ್ತೀನಿ. ಬಟ್ಟೆ ಕಟ್ಟಿಕೊಂಡರೆ ಸಾಕಾ, ಎನ್95 ಬೇಕಾ?

ಲ್ಯಾಬ್‌ಕೋಟು: ಎನ್95 ಬೇಕೇ ಬೇಕು ಸರ್. ಆ ಬೀಜಕಣ ಬಟ್ಟೆಯ ಎಳೆ ಸಂದಿಯಲ್ಲಿ ಸಲೀಸಾಗಿ ನುಸುಳುತ್ತೆ.