ಮನೆ ಸೌದೆಗೆ ಮರ ಕೊಯ್ಯುವ ಮಿಷಿನ್: 45 ಸಿಸಿ ಸಾಕಾ, 58 ಬೇಕಾ?

ಸುಂಟಿಕೊಪ್ಪದ ಸೌದೆಗಾರ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಆರು ಎಕರೆ ಕಾಫಿ ತೋಟ ನಮ್ಮದು. ಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲ ಹಂಡೆಗೆ, ಹಿಂದಿನ ಅಡುಗೆಮನೆಯ ಒಲೆಗೆ ಸೌದೆಯೇ ಆಗಬೇಕು. ಅಮ್ಮನಿಗೆ ಗೀಸರ್ ನೀರು ನೀರೇ ಅಲ್ಲ. ಇಷ್ಟು ವರ್ಷ ಮರ ಕಪಾತು (ಕೊಂಬೆ ಸವರುವುದು) ಮುಗಿದ ಮೇಲೆ ಮಿಷಿನ್‌ನವನನ್ನು ಕರೆಸಿ, ಎರಡು ದಿನದಲ್ಲಿ ಎಲ್ಲಾ ತುಂಡು ಮಾಡಿಸಿ ಶೆಡ್ಡಿಗೆ ಹಾಕಿಸುತ್ತಿದ್ದೆ. ಹೋದ ವರ್ಷ ಅವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅಂತ ಹೇಳುತ್ತಲೇ ಮೇ ಕಳೆದ, ಜೂನ್‌ನಲ್ಲಿ ಮಳೆ ಹಿಡಿಯಿತು, ಮರವೆಲ್ಲ ಬಿದ್ದಲ್ಲೇ ನೆನೆಯಿತು. ಜುಲೈ ಇಡೀ ಹಸಿ ಸೌದೆ ಊದಿ ಊದಿ ಮನೆಯವಳ ಕಣ್ಣು ಕೆಂಪು. ಬೈಗುಳ ಮಾತ್ರ ನನಗೆ.

ಈ ಸಲ ಸ್ವಂತ ಮಿಷಿನ್ ತಗೊಳ್ಳೋಣ ಅಂತ ಇದ್ದೇನೆ. ಕೊಯ್ಯುವುದು ಸಿಲ್ವರ್ ಓಕ್ ಕೊಂಬೆ, ಗಾಳಿಗೆ ಬಿದ್ದ ಒಂದೆರಡು ಸಿಲ್ವರ್ ಮರ (ಬುಡ ಒಂದಡಿ ದಪ್ಪ ಇರಬಹುದು), ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ, ಅಪರೂಪಕ್ಕೆ ಒಣಗಿ ಬಿದ್ದ ಹಲಸು. ವರ್ಷಕ್ಕೆ ಎಲ್ಲಾ ಸೇರಿ ಎರಡು ಪಿಕಪ್ ಲೋಡ್ ಆದರೆ ಜಾಸ್ತಿ. ನಿಂತ ಮರಕ್ಕೆ ನಾನು ಕೈ ಹಾಕುವುದಿಲ್ಲ.

ಆನ್‌ಲೈನ್‌ನಲ್ಲಿ 58 ಸಿಸಿ (ಎಂಜಿನ್ ಸೈಜು), 22 ಇಂಚು ಬಾರ್ (ಚೈನ್ ಓಡುವ ಪಟ್ಟಿ) ಇರುವ ಮಿಷಿನ್ ಬಹಳ ಕಡಿಮೆಗೆ ಸಿಗುತ್ತದೆ. ಕುಶಾಲನಗರದಲ್ಲಿ ಅಂಗಡಿಯವರು ತೋರಿಸಿದ್ದು ಹೆಸರಿರುವ ಕಂಪನಿಯ 45 ಸಿಸಿ, 16 ಇಂಚು ಬಾರ್. ರೇಟು ಮೂರು ಪಟ್ಟಿಗಿಂತ ಜಾಸ್ತಿ! ಸಿಸಿ ಕಡಿಮೆ, ಬಾರ್ ಗಿಡ್ಡ, ದುಡ್ಡು ಮಾತ್ರ ಉದ್ದ. ಭಾವ ಹೇಳುತ್ತಾನೆ, ಎರಡೂ ಬೇಡ, ಕರೆಂಟಿನದು ತಗೋ, ಸ್ವಿಚ್ ಒತ್ತಿದರೆ ಆಯಿತು ಅಂತ. ತಲೆ ಕೆಟ್ಟು ಹೋಗಿದೆ. ಬಳಸಿದವರು ಯಾರಾದರೂ ಇದ್ದರೆ ಹೇಳಿ.

ಹಳೇ ಎಸ್ಟೇಟ್ ರೈಟರ್:

ನೀವು ಹೇಳಿದ ಕೆಲಸಕ್ಕೆ 40ರಿಂದ 50 ಸಿಸಿ ಒಳಗಿನದು ಸರಿಯಾದ ಅಳತೆ. ಅದಕ್ಕಿಂತ ಕೆಳಗೆ 30 ಸಿಸಿ ಮಿಷಿನ್‌ಗಳೂ ಇವೆ, ಸ್ಟಿಲ್ ಕಂಪನಿಯ ಎಂಎಸ್ 180 ಅಂಥದ್ದು, ಕೈಗೆ ಹಗುರ. ಕೊಂಬೆಗೆ ಚೆನ್ನಾಗಿಯೇ ಇದೆ, ಆದರೆ ಒಣ ಹಲಸು, ಕಾಫಿ ಬೊಡ್ಡೆ ಬಂದಾಗ ಏದುಸಿರು ಬಿಡುತ್ತದೆ. ಅದೇ ಕಂಪನಿಯ ಎಂಎಸ್ 250 ಅಂದರೆ 45.4 ಸಿಸಿ, ಬಾರ್, ಚೈನ್, ಪೆಟ್ರೋಲ್ ಬಿಟ್ಟು 4.6 ಕೆಜಿ. ಹಸ್ಕ್‌ವಾರ್ನಾದವರ 445 ಕೂಡ ಹೆಚ್ಚುಕಡಿಮೆ ಇದೇ ಸೈಜು, 45.7 ಸಿಸಿ. ಇವೆರಡರಲ್ಲಿ ಯಾವುದು ಮೇಲು ಅಂತ ಜಗಳ ಆಡುವವರು ಆಡಲಿ. ನಿಮ್ಮ ಮನೆಯಿಂದ ಅರ್ಧ ಗಂಟೆ ದೂರದೊಳಗೆ ಯಾವುದರ ಸ್ಪೇರ್ ಸಿಗುತ್ತದೆ, ಯಾವುದನ್ನು ಬಿಚ್ಚಿ ರಿಪೇರಿ ಮಾಡುವ ಹುಡುಗ ಇದ್ದಾನೆ, ಅದನ್ನು ತಗೊಳ್ಳಿ.

ಬಾರ್ ವಿಷಯಕ್ಕೆ ಬರೋಣ. ಉದ್ದ ಬಾರ್ ಅಂದರೆ ದೊಡ್ಡ ಮಿಷಿನ್ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಒಂದಡಿ ದಪ್ಪದ ಮರಕ್ಕೆ 16 ಇಂಚು ಧಾರಾಳ ಆಯಿತು. ಅದಕ್ಕಿಂತ ದಪ್ಪದ್ದು ಬಂದರೆ ಒಂದು ಕಡೆಯಿಂದ ಅರ್ಧ ಕೊಯ್ದು, ಮರ ಹೊರಳಿಸಿ ಆ ಕಡೆಯಿಂದ ಉಳಿದದ್ದು ಕೊಯ್ಯಬಹುದು. 22 ಇಂಚು ಹಾಕಿಕೊಂಡರೆ ಮೂತಿ ಭಾರ ಆಗಿ ಕೆಳಗೆ ಬಗ್ಗುತ್ತದೆ, ತುದಿ ಎಲ್ಲೋ ಮಣ್ಣಿಗೆ ತಾಗುತ್ತದೆ, ಸಂಜೆಗೆ ಸೊಂಟ ಹಿಡಿದುಕೊಂಡು ಎದ್ದೇಳುವ ಹಾಗಿರುವುದಿಲ್ಲ. ಚೈನ್ ಕೂಡ ಉದ್ದ, ಅಂದರೆ ಅರ ಹಾಕಬೇಕಾದ ಹಲ್ಲೂ ಜಾಸ್ತಿ.

ಇನ್ನು ಆನ್‌ಲೈನಿನ 58. ಕೆಲವದರಲ್ಲಿ ಸ್ಟಿಕ್ಕರ್ ಮೇಲೆ ಮಾತ್ರ 58 ಇರುತ್ತದೆ, ಒಳಗೆ ಅಷ್ಟು ಇರುವುದಿಲ್ಲ. ಇದ್ದರೂ ಸಿಸಿ ಒಂದನ್ನೇ ನೋಡಬೇಡಿ, ಎಷ್ಟು ಕಿಲೋವ್ಯಾಟ್ ಶಕ್ತಿ ಕೊಡುತ್ತದೆ, ಎಷ್ಟು ತೂಕ ಇದೆ, ಇವೆರಡನ್ನೂ ಜೊತೆಗಿಟ್ಟು ನೋಡಿ. ಎಂಎಸ್ 250ಯದು 2.3 ಕಿಲೋವ್ಯಾಟ್.

ನಾಪೋಕ್ಲು ಗದ್ದೆಬದಿ:

ರೈಟರ್ ಸರ್ ಹೇಳಿದ್ದು ಸರಿ, ಆದರೆ ಕಡಿಮೆ ರೇಟಿನದನ್ನು ಪೂರ್ತಿ ಬೈಯುವುದೂ ಬೇಡ. ನನ್ನ ಹತ್ತಿರ ಅಂಥದ್ದೇ ಒಂದು ಇದೆ, ಹೆಸರು ಬೇಡ. ಮೊದಲ ವರ್ಷ ಸ್ಟಾರ್ಟರ್ ಹಗ್ಗ ಎರಡು ಸಲ ಕಿತ್ತು ಬಂತು. ಆಮೇಲೆ ಚೈನಿಗೆ ಆಯಿಲ್ ಹೋಗುವುದು ನಿಂತಿತ್ತು, ನನಗೆ ಗೊತ್ತೇ ಆಗಲಿಲ್ಲ, ಬಾರ್ ನೀಲಿಗಟ್ಟಿ ಹೊಗೆ ಬಂದ ಮೇಲೆ ನೋಡಿದೆ. ತಗೊಂಡ ಅಂಗಡಿಗೆ ಹೋದರೆ, ನಾವು ಮಾರುವುದು ಮಾತ್ರ ಸರ್, ರಿಪೇರಿ ಇಲ್ಲ ಅಂದರು. ನಾನೇ ಬಿಚ್ಚಿ ಕೂತೆ. ಈಗ ಅದರ ಒಂದೊಂದು ಬೋಲ್ಟ್ ನನಗೆ ಗೊತ್ತು, ಓಡುತ್ತಿದೆ. ಸ್ಪ್ಯಾನರ್ ಹಿಡಿಯುವ ಹುಚ್ಚು ಇದ್ದರೆ ಅದೂ ಆಗುತ್ತದೆ. ಇಲ್ಲದಿದ್ದರೆ ಮೇ ತಿಂಗಳ ಕೊನೇ ವಾರದಲ್ಲಿ, ಆಕಾಶ ಕಪ್ಪಾಗಿರುವಾಗ, ಸರಿಯಾಗಿ ಅವತ್ತೇ ಕೈ ಕೊಡುತ್ತದೆ. ಆಗ ನಿಮ್ಮ ಹಳೇ ಮಿಷಿನ್‌ನವನೇ ವಾಸಿ ಅನಿಸುತ್ತದೆ.

ಭಾವನ ಮಾತಿಗೆ ಒಂದು ಉತ್ತರ. ಮನೆ ಶೆಡ್ಡಿನಲ್ಲೇ, ಬೇಸಿಗೆಯಲ್ಲೇ ಕೊಯ್ಯುವುದಾದರೆ ಕರೆಂಟಿನ ಮಿಷಿನ್ ಬಹಳ ಚೆಂದ. ಸದ್ದು ಕಡಿಮೆ, ಪೆಟ್ರೋಲ್ ಮಿಕ್ಸಿಂಗ್ ತಲೆನೋವಿಲ್ಲ. ಆದರೆ ಮರ ಶೆಡ್ಡಿಗೆ ನಡೆದು ಬರುವುದಿಲ್ಲವಲ್ಲ, ತೋಟದಲ್ಲಿ ಅದನ್ನು ಹೊರುವಷ್ಟು ತುಂಡು ಮಾಡುವುದು ಯಾರು? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಎಲ್ಲರಿಗೂ ಗೊತ್ತು. 2018ರ ಆಗಸ್ಟ್ ನೆನಪಿದೆ ಅಲ್ವಾ? ರಸ್ತೆಗೆ ಮರ ಬಿದ್ದು, ಕರೆಂಟಿಲ್ಲ, ಫೋನಿಲ್ಲ, ನಮ್ಮ ಓಣಿಯಲ್ಲಿ ಪೆಟ್ರೋಲ್ ಮಿಷಿನ್ ಇದ್ದವನ ಮನೆ ಮುಂದೆ ಜನ ಸಾಲು ನಿಂತಿದ್ದರು.

ಕಪಾತು ಮಿಷಿನ್:

ಮೊದಲು, ಕೈ ಕೊಟ್ಟ ಆ ಮಿಷಿನ್‌ನವನು ನಾನಲ್ಲ. 😀 ಮೇ ತಿಂಗಳಲ್ಲಿ ನಮಗೆ ಒಂದೇ ದಿನ ಹತ್ತು ಕಡೆಯಿಂದ ಫೋನ್ ಬರುತ್ತದೆ ಅಣ್ಣ, ಕಾಫಿ ಕುಯ್ಲು ಮುಗಿದ ಕೂಡಲೇ ಹೇಳಿಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ.

ಎಲ್ಲರೂ ಸಿಸಿ, ಬಾರ್ ಅಂತ ಮಾತಾಡುತ್ತಿದ್ದೀರಿ, ಚೈನ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಚೂಪು ಚೈನ್ ಇರುವ 45, ಮೊಂಡು ಚೈನ್ ಇರುವ 70ಕ್ಕಿಂತ ಬೇಗ ಕೊಯ್ಯುತ್ತದೆ. ಕೊಯ್ಯುವಾಗ ಕೆಳಗೆ ಬೀಳುವುದನ್ನು ನೋಡಿ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೈನ್ ಸರಿ ಇದೆ. ಹಿಟ್ಟಿನ ಹಾಗೆ ಪುಡಿ ಬಿದ್ದರೆ ಮಿಷಿನ್ ಆಫ್ ಮಾಡಿ ಅರ ಹಿಡಿಯಿರಿ. ಹೊಸಬರು ಆಗ ಏನು ಮಾಡುತ್ತಾರೆ ಅಂದರೆ ಇನ್ನೂ ಜೋರಾಗಿ ಒತ್ತುತ್ತಾರೆ, ಅದರಿಂದ ಕ್ಲಚ್ ಸುಡುತ್ತದೆ, ಬಾರ್ ಸವೆಯುತ್ತದೆ, ಕೈ ಬಿದ್ದು ಹೋಗುತ್ತದೆ, ಮರ ಮಾತ್ರ ಹಾಗೇ ಇರುತ್ತದೆ.

ಅರದ ಸೈಜು ಚೈನ್ ನೋಡಿ ತಗೊಳ್ಳಬೇಕು. 45 ಸಿಸಿಗೆ ಸಾಮಾನ್ಯವಾಗಿ .325 ಇಂಚು ಪಿಚ್ (ಕೊಂಡಿಗಳ ಅಂತರ) ಇರುವ ಚೈನ್ ಬರುತ್ತದೆ, ಅದಕ್ಕೆ 4.8 ಎಂಎಂ ಗುಂಡು ಅರ. ಸಣ್ಣ ಮಿಷಿನ್‌ನ ತೆಳು ಚೈನಿಗೆ 4 ಎಂಎಂ. ಒಂದೊಂದು ಹಲ್ಲಿಗೆ ಎರಡೋ ಮೂರೋ ಎಳೆತ, ಒಳಗಿನಿಂದ ಹೊರಗೆ, ಎಲ್ಲಾ ಹಲ್ಲಿಗೂ ಅಷ್ಟೇ ಲೆಕ್ಕ. ಹಲ್ಲಿನ ಮುಂದೆ ಒಂದು ಸಣ್ಣ ಗುಬಟು ಇರುತ್ತದೆ, ನಾಲ್ಕೈದು ಸಲ ಅರ ಹಾಕಿದ ಮೇಲೆ ಅದನ್ನೂ ಚಪ್ಪಟೆ ಅರದಲ್ಲಿ ಸ್ವಲ್ಪ ತಗ್ಗಿಸಬೇಕು. ಜಾಸ್ತಿ ತಗ್ಗಿಸಿದರೆ ಮಿಷಿನ್ ಮರ ಕಚ್ಚಿ ಎಳೆಯುತ್ತದೆ, ಹುಷಾರು. ಒಂದು ಬದಿಯ ಹಲ್ಲು ಮಾತ್ರ ಚೂಪಾದರೆ ಕೊಯ್ತ ಬಾಳೆಕಾಯಿ ಹಾಗೆ ಸೊಟ್ಟ ಹೋಗುತ್ತದೆ.

ನಿಮ್ಮ ಕಾಫಿ ಬೊಡ್ಡೆ ಇದೆಯಲ್ಲ, ಚೈನಿಗೆ ಅದೇ ಶತ್ರು. ಸೌದೆಗೆ ಅದರಷ್ಟು ಒಳ್ಳೆಯದು ಇಲ್ಲ, ಕೆಂಡ ಗಂಟೆಗಟ್ಟಲೆ ನಿಲ್ಲುತ್ತದೆ, ಆದರೆ ಮರ ಗಟ್ಟಿ, ಬೇರಿನ ಸಂದಿಯಲ್ಲಿ ಮಣ್ಣು, ಒಂದೊಂದು ಸಲ ಕಲ್ಲೂ ಇರುತ್ತದೆ. ಮಣ್ಣಿನ ಮೇಲೆ ಒಂದು ಸಲ ಚೈನ್ ಎಳೆದರೆ ಅರ್ಧ ಗಂಟೆ ಅರದ ಕೆಲಸ. ಬೊಡ್ಡೆಯನ್ನು ಒಂದು ಮಳೆಗೆ ಬಿಟ್ಟು ಮಣ್ಣು ತೊಳೆದು ಹೋಗಲಿ, ಒಣಗಿದ ಮೇಲೆ ಕತ್ತಿಯಲ್ಲಿ ಕೆರೆದು, ಬೇರಿನ ಕಡೆ ಬಿಟ್ಟು ಮೇಲಿನ ಕಾಂಡ ಮಾತ್ರ ಮಿಷಿನ್‌ಗೆ ಕೊಡಿ. ಬೇರಿನ ಗಂಟನ್ನು ಹಾಗೇ ಹಂಡೆ ಒಲೆಗೆ ತಳ್ಳಬಹುದು.

ನೆಲದ ಮೇಲೆ ಇಟ್ಟು ಕೊಯ್ಯಬೇಡಿ. ನಾಲ್ಕು ಗೂಟ ಕತ್ತರಿ ಹಾಗೆ ಅಡ್ಡ ಕಟ್ಟಿ ಸ್ಟ್ಯಾಂಡ್ ಮಾಡಿಕೊಳ್ಳಿ, ಸಿಲ್ವರ್ ಕೊಂಬೆಯೇ ಸಾಕು. ತುಂಡಾಗಿ ಬೀಳುವ ಭಾಗ ಸ್ಟ್ಯಾಂಡಿನಿಂದ ಹೊರಗೆ ಇರಲಿ. ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಮೇಲಿಂದ ಕೊಯ್ದರೆ ಮರ ಬಗ್ಗಿ ಬಾರನ್ನು ಕಚ್ಚಿ ಹಿಡಿದುಕೊಳ್ಳುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ.

ಕೊನೆಗೆ ಬೈಯುವುದು ಒಂದಿದೆ. ಬಾರ್ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು. ತಾಗಿದರೆ ಮಿಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಹಾರಿ ಬರುತ್ತದೆ. ಎಡಗೈ ಹೆಬ್ಬೆರಳು ಹ್ಯಾಂಡಲ್ ಸುತ್ತಿ ಹಿಡಿದಿರಲಿ. ಚೈನ್ ಬ್ರೇಕ್ ಕೆಲಸ ಮಾಡುತ್ತದಾ ಅಂತ ಪ್ರತಿ ಬೆಳಿಗ್ಗೆ ನೋಡಿ. ಲುಂಗಿ ಕಟ್ಟಿಕೊಂಡು, ಹವಾಯಿ ಚಪ್ಪಲಿ ಹಾಕಿಕೊಂಡು ಮಿಷಿನ್ ಹಿಡಿದವರನ್ನು ನಾನು ಎಷ್ಟು ನೋಡಿಲ್ಲ! ನನ್ನ ಎಡ ಮೊಣಕಾಲಿನ ಮೇಲೆ ಹನ್ನೊಂದು ಹೊಲಿಗೆ ಇದೆ, ಅದೂ ಸಂಜೆ ಐದೂವರೆಗೆ, ಇನ್ನೊಂದೇ ತುಂಡು ಅಂತ ಹೋಗಿ ಆದದ್ದು. ಚೈನ್ ತಡೆಯುವ ಪ್ಯಾಂಟ್ ಸಿಗುತ್ತದೆ, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಮಿಷಿನ್ ದುಡ್ಡಿನಲ್ಲೇ ಇದಕ್ಕೂ ಒಂದು ಪಾಲು ಎತ್ತಿಡಿ.

ಸುಂಟಿಕೊಪ್ಪದ ಸೌದೆಗಾರ:

ಅಯ್ಯೋ, ಇಷ್ಟೆಲ್ಲಾ ಇದೆಯಾ? ಲುಂಗಿ ವಿಷಯ ಓದಿ ಮನೆಯವಳು ನನ್ನ ಕಡೆ ನೋಡಿ ನಗುತ್ತಿದ್ದಾಳೆ. ಆಯಿತು, 45ಕ್ಕೇ ಮನಸ್ಸು ಬಂದಿದೆ. ಇನ್ನು ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು ಹೇಳಿ. ಅಂಗಡಿಯವರು 50ಕ್ಕೆ 1 ಅಂದರು, ಪಕ್ಕದ ತೋಟದವರು 25ಕ್ಕೆ 1 ಹಾಕು, ಎಂಜಿನ್ ತಣ್ಣಗಿರುತ್ತದೆ ಅನ್ನುತ್ತಾರೆ. ಚೈನಿಗೆ ಬೈಕಿನಿಂದ ಇಳಿಸಿದ ಹಳೇ ಆಯಿಲ್ ಹಾಕಬಹುದಾ? ಮತ್ತೆ ವರ್ಷದಲ್ಲಿ ಹತ್ತು ತಿಂಗಳು ಮಿಷಿನ್ ಸುಮ್ನೆ ಕೂತಿರುತ್ತದೆ, ಹಾಳಾಗುವುದಿಲ್ಲವಾ?

ಹಳೇ ಎಸ್ಟೇಟ್ ರೈಟರ್:

ಮಿಷಿನ್ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅಷ್ಟೇ. 50ಕ್ಕೆ 1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್. ಪಕ್ಕದವರದು ಹಳೇ ಮಿಷಿನ್ ಇರಬೇಕು, ಇಲ್ಲವೇ ಆ ಆನ್‌ಲೈನ್ ಜಾತಿಯದು, ಅವುಗಳಲ್ಲಿ ಬಹಳಷ್ಟಕ್ಕೆ 25ಕ್ಕೆ 1 ಅಂತಲೇ ಬರೆದಿರುತ್ತಾರೆ. ಅವರ ಲೆಕ್ಕ ನಿಮ್ಮ ಮಿಷಿನ್‌ಗೆ ಹಾಕಿದರೆ ಹೊಗೆ ಜಾಸ್ತಿ, ಪ್ಲಗ್ ಕರಿಕಟ್ಟುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಆಯಿಲ್ ಹಾಕದೆ ಬರೀ ಪೆಟ್ರೋಲ್ ಹಾಕಿದರೆ ಮಾತ್ರ ಕೆಲವೇ ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಿಕ್ಸಿಂಗ್ ಕ್ಯಾನ್ ಬೇರೆ ಇರಲಿ, ಮೇಲೆ ದೊಡ್ಡದಾಗಿ ಬರೆದಿಡಿ. ನಮ್ಮ ಎಸ್ಟೇಟಿನಲ್ಲಿ ಹುಡುಗನೊಬ್ಬ ಬೈಕಿನ ಕ್ಯಾನಿನಿಂದ ತುಂಬಿಸಿ ಒಂದು ಒಳ್ಳೆಯ ಮಿಷಿನನ್ನೇ ಕೊಂದ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಈ ಮಿಷಿನ್‌ಗಳ ಪುಸ್ತಕದಲ್ಲಿ ಸಾಮಾನ್ಯವಾಗಿ 10ರ ಮೇಲೆ ಬೇಡ ಅಂತ ಇರುತ್ತದೆ, ತಗೊಳ್ಳುವಾಗಲೇ ಡೀಲರ್ ಹತ್ತಿರ ಕೇಳಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಜುಲೈ ಗಾಳಿಗೆ ಕೇಳಬೇಕಾ, ಟ್ರಂಕಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ. ಬೇಕಾದಷ್ಟೇ ಮಿಕ್ಸ್ ಮಾಡಿ, ತಿಂಗಳೊಳಗೆ ಖಾಲಿ ಮಾಡಿ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಿ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಉಳಿದರೆ ಅದರ ತೆಳು ರಬ್ಬರ್ ಗಟ್ಟಿಯಾಗುತ್ತದೆ, ಮುಂದಿನ ವರ್ಷ ಹಗ್ಗ ಎಳೆದು ಎಳೆದು ನಿಮ್ಮ ಭುಜ ಇಳಿಯುತ್ತದೆ. ಆಮೇಲೆ ಒಲೆ ಇರುವ ಕೋಣೆಯ ಅಟ್ಟದಲ್ಲಿ ಇಡಬಹುದು, ಬೆಚ್ಚಗಿರುತ್ತದೆ, ಆದರೆ ಟ್ಯಾಂಕ್ ಖಾಲಿ ಇದೆ ಅಂತ ಎರಡು ಸಲ ನೋಡಿಯೇ ಇಡಿ.

ಬೈಕಿನ ಹಳೇ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಆಯಿಲ್ ಪಂಪು ತಿನ್ನುತ್ತದೆ, ಕೊಯ್ಯುವಾಗ ಕೈ ಮುಖಕ್ಕೆಲ್ಲಾ ಸಿಡಿಯುತ್ತದೆ. ಬಾರ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ. ಚೈನಿಗೆ ಆಯಿಲ್ ಬರುತ್ತಿದೆಯಾ ನೋಡಲು ಬಾರ್ ಮೂತಿಯನ್ನು ಬಿಳಿ ಕಾಗದದ ಕಡೆ ಹಿಡಿದು, ತಾಗಿಸದೆ, ಜೋರು ಓಡಿಸಿ. ಕಾಗದದ ಮೇಲೆ ಸಣ್ಣ ಗೆರೆ ಬಿದ್ದರೆ ಬರುತ್ತಿದೆ ಅಂತ. ಗದ್ದೆಬದಿಯವರು ಇದನ್ನು ಮಾಡಿದ್ದರೆ ಒಂದು ಬಾರ್ ಉಳಿಯುತ್ತಿತ್ತು.

ನಾಪೋಕ್ಲು ಗದ್ದೆಬದಿ:

ಈಗ ಹೇಳುತ್ತೀರಲ್ಲ ಸರ್, ಆಗ ಎಲ್ಲಿದ್ದಿರಿ? 😀

ಅಂದ ಹಾಗೆ ಸೌದೆಗಾರರೇ, 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್‌ಗೆ ವಿನಾಯಿತಿ ಇದೆ, ಅದಕ್ಕೆ ಚಿಂತೆ ಬೇಡ. ಆದರೆ ಮಿಷಿನ್ ಕೈಗೆ ಬಂದ ಉತ್ಸಾಹದಲ್ಲಿ ಬಿದ್ದ ಬೀಟೆ ಕೊಂಬೆಗೆ ಕೈ ಹಾಕಬೇಡಿ. ಬೀಟೆ ಸೌದೆ ಅಲ್ಲ, ತಲೆನೋವು. ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಕೇಳಿ.

ಸುಂಟಿಕೊಪ್ಪದ ಸೌದೆಗಾರ:

ಶನಿವಾರ ಕುಶಾಲನಗರಕ್ಕೆ ಹೋಗಿ 45 ಸಿಸಿ ತಂದೆ, 16 ಇಂಚು. ಬಾರ್ ಉದ್ದ ಮಾಡಿಸಿ ಅಂತ ಅಂಗಡಿಯವರೇ ಒತ್ತಾಯ ಮಾಡಿದರು, ಬೇಡ ಅಂದೆ. ಜೊತೆಗೆ ಎರಡು ಅರ, ಒಂದು ಸ್ಪೇರ್ ಚೈನ್, ಕಿವಿ ಮಫ್. ಪ್ಯಾಂಟ್ ಅವರಲ್ಲಿ ಇರಲಿಲ್ಲ, ತರಿಸಲು ಹೇಳಿದ್ದೇನೆ, ಅದು ಬರುವವರೆಗೆ ಮಿಷಿನ್ ಮುಟ್ಟಬಾರದು ಅಂತ ಮನೆಯಲ್ಲಿ ಆರ್ಡರ್ ಆಗಿದೆ. ಸದ್ಯಕ್ಕೆ ಸ್ಟ್ಯಾಂಡ್ ಕಟ್ಟುತ್ತಿದ್ದೇನೆ. ಕಪಾತು ಮಿಷಿನ್ ಅಣ್ಣ, ಈ ಕಡೆ ಬಂದರೆ ಒಂದು ಗಂಟೆ ಅರ ಹಾಕುವುದು ತೋರಿಸಿಕೊಡುತ್ತೀರಾ? ಕಾಫಿ ನಮ್ಮ ತೋಟದ್ದೇ.

ಕಪಾತು ಮಿಷಿನ್:

ಬರುತ್ತೇನೆ ಅಣ್ಣ. ಇವತ್ತು ನಾಳೆ ಅಂತ ಹೇಳುವುದಿಲ್ಲ, ಮುಂದಿನ ಭಾನುವಾರ. ಹಳೇ ಚೈನ್ ಒಂದು ಎತ್ತಿಟ್ಟುಕೊಂಡು ತರುತ್ತೇನೆ, ಮೊದಲು ಅದರ ಮೇಲೆ ಕೈ ಕೂರಿಸಿಕೊಳ್ಳಿ.