ಅಪ್‌ಡೇಟ್: ಪಕ್ಕದ ವಾರ್ಡಿನ ಮತದಾರನಾಗಿದ್ದುಕೊಂಡು ನಗರಸಭೆಗೆ ಸ್ಪರ್ಧಿಸಿದ್ದು

ನನ್ನ ಹೆಸರು ಪಕ್ಕದ ವಾರ್ಡಿನ ಮತದಾರರ ಪಟ್ಟಿಯಲ್ಲಿರುವಾಗ, ನಮ್ಮ ಅಂಗಡಿಯಿರುವ ವಾರ್ಡಿನಿಂದ ನಗರಸಭೆ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಬಹುದೇ ಎಂದು ಕೇಳಿದ್ದೆ. ನಾಮಪತ್ರ ಅಂಗೀಕಾರವಾಯಿತು, ಆದರೆ ಚುನಾವಣೆಯಲ್ಲಿ ಸೋತೆ.

ಹೆಸರನ್ನೇ ವರ್ಗಾಯಿಸಿಕೊಳ್ಳಿ ಎಂಬ ಸಲಹೆಯಂತೆ ಓಡಾಡಿದೆನಾದರೂ ಸಮಯ ಸಾಲಲಿಲ್ಲ. ಕೈಹಿಡಿದದ್ದು ಇನ್ನೊಬ್ಬ ಹಿರಿಯರ ಮಾತು: ಅಭ್ಯರ್ಥಿಯ ಹೆಸರು ಅದೇ ನಗರಸಭೆಯ ಯಾವ ವಾರ್ಡಿನ ಪಟ್ಟಿಯಲ್ಲಿದ್ದರೂ ಸಾಕು, ಸೂಚಕರು, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಮಾತ್ರ ಸ್ಪರ್ಧಿಸುವ ವಾರ್ಡಿನ ಮತದಾರರೇ ಆಗಿರಬೇಕು. ಇಲ್ಲಿಯೇ ನಾನು ಎಡವುವುದರಲ್ಲಿದ್ದೆ. ಅಂಗಡಿಯ ಎದುರು ಮನೆಯವರನ್ನು ಸೂಚಕರನ್ನಾಗಿ ಒಪ್ಪಿಸಿ, ಅವರ ಕ್ರಮಸಂಖ್ಯೆ ಬರೆಯಲು ಪಟ್ಟಿ ತೆರೆದಾಗ, ವಾರ್ಡಿನ ಗಡಿ ನಮ್ಮ ರಸ್ತೆಯ ನಡುವೆಯೇ ಹಾದುಹೋಗಿದ್ದು, ಇಪ್ಪತ್ತು ಅಡಿ ದೂರದ ಆ ಮನೆ ಬೇರೆ ವಾರ್ಡಿಗೆ ಸೇರಿದೆಯೆಂದು ತಿಳಿಯಿತು. ಆ ಸಂಜೆಯೇ ಹಿಂದಿನ ಬೀದಿಯ ಹಾಲಿನ ಅಂಗಡಿಯವರನ್ನು ಬೇಡಿಕೊಂಡು ಸಹಿ ಹಾಕಿಸಿದೆ. ಆದ್ದರಿಂದ ಮುಂದೆ ನಿಲ್ಲುವವರು ಬಾಯಿಮಾತನ್ನು ನಂಬದೆ, ಭಾಗಸಂಖ್ಯೆ ಮತ್ತು ಕ್ರಮಸಂಖ್ಯೆಗಳನ್ನು ಪಟ್ಟಿಯಲ್ಲಿ ಸ್ವತಃ ನೋಡಿಕೊಳ್ಳುವುದು ಒಳ್ಳೆಯದು.

ಆಟೊಗೆ ಧ್ವನಿವರ್ಧಕ ಕಟ್ಟಿಸಿ ಎಂದವರ ಮಾತು ಕೇಳಿ ಹಣ ಕಳೆದುಕೊಂಡೆ; ಸಂಜೆ ಆರರ ಬಳಿಕ ಮನೆಮನೆಗೆ ಹೋದದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಮತ ಕೇಳಲು ಹೋದರೆ ಜನ ಪಕ್ಷದ ಬಗ್ಗೆ ಕೇಳಲಿಲ್ಲ, ನೀರು ಯಾವ ದಿನ ಬಿಡಿಸುತ್ತೀರಿ ಎಂದು ಕೇಳಿದರು. ಮೂರನೆಯ ಸ್ಥಾನ ಸಿಕ್ಕಿತು, ಠೇವಣಿಯೂ ಉಳಿಯಿತು. ನನ್ನ ಮತವನ್ನು ಮಾತ್ರ ನನಗೇ ಹಾಕಿಕೊಳ್ಳಲಾಗದೆ, ಪಕ್ಕದ ವಾರ್ಡಿನ ಮತಗಟ್ಟೆಯಲ್ಲಿ ಬೇರೆಯವರಿಗೆ ಹಾಕಿ ಬಂದೆ.